ಮನೆಯ ಹೂದೋಟ: ದಾಸವಾಳಕ್ಕೆ ನೆಲವೋ, ಕುಂಡವೋ?

ಬೆಂಗಳೂರಿನ ಬಾಡಿಗೆಯ ಮನೆಯೊಂದರಲ್ಲಿರುವ ವಾಚಕಿಯೊಬ್ಬರು, ಹಿತ್ತಿಲಿನಲ್ಲಿ ತಮ್ಮ ಅತ್ತೆಯವರು ನೆಟ್ಟು ಬೆಳೆಸಿದ ಕೆಂಪು ದಾಸವಾಳವನ್ನು ಬಿಟ್ಟು ಮಹಡಿಯ ಮೇಲಣ ಮನೆಗೆ ಹೋಗಬೇಕಾಗಿದೆಯೆಂದೂ, ಆ ಗಿಡವನ್ನೇ ಕಿತ್ತು ದೊಡ್ಡ ಕುಂಡದಲ್ಲಿಟ್ಟರೆ ಬದುಕುವುದೋ ಎಂದೂ ಕೇಳಿರುವರು. ಅತ್ತೆಯವರು ದಿನವೂ ಪೂಜೆಗೆ ಆ ಗಿಡದ ಹೂವನ್ನೇ ಬಿಡಿಸುವರಂತೆ; ಬೇರೆ ಗಿಡದ ಮಾತೆತ್ತಿದರೆ ಸುಮ್ಮನಾಗುವರಂತೆ.

ನೆಲದಲ್ಲಿ ನಿಂತ ದಾಸವಾಳವು 8–10 ಅಡಿಗಳವರೆಗೂ ಸುಲಭವಾಗಿ ಬೆಳೆಯುವುದು. ಅದರ ಬೇರು ನೀರನ್ನೂ ಸಾರವನ್ನೂ ತಾನೇ ಅರಸಿಕೊಂಡು ಹೋಗುವುದರಿಂದ, ಮನೆಯವರು ನಾಲ್ಕು ದಿನ ಊರಿಗೆ ಹೋಗಿ ಬಂದರೂ ಚಿಂತೆಯಿಲ್ಲ. ಕುಂಡದ ಗಿಡವಾದರೋ ನಮ್ಮ ಕೈಯನ್ನೇ ನೋಡಿಕೊಂಡಿರತಕ್ಕದ್ದು. ಮಣ್ಣಿನ ಕುಂಡದ ಮೈಯಿಂದಲೂ ನೀರು ಆರುವುದರಿಂದ ಬೇಸಗೆಯಲ್ಲಿ ಕೆಲವು ದಿನ ಎರಡು ಹೊತ್ತೂ ನೀರೆರೆಯಬೇಕಾಗುವುದು. ಎರೆದಂತೆಲ್ಲ ಗೊಬ್ಬರದ ಸಾರವು ತಳದ ತೂತಿನಿಂದ ಹರಿದುಹೋಗುವುದು; ಆದುದರಿಂದ ತಿಂಗಳಿಗೊಮ್ಮೆ ಹಿಡಿಯಷ್ಟು ಕಳಿತ ಗೊಬ್ಬರವನ್ನು ಕೊಡುತ್ತಿರಬೇಕು.

ಹಾಗೆಂದು ಕುಂಡವನ್ನು ಹಳಿಯುವುದು ತರವಲ್ಲ. ಕಾಗದದ ಹೂವಿನ ಗಿಡವು ಬೇರು ಇಕ್ಕಟ್ಟಾಗಿ, ಮಣ್ಣು ತುಸು ಒಣಗಿದ್ದಾಗಲೇ ಚೆನ್ನಾಗಿ ಬಣ್ಣ ತುಂಬುವುದು. (ನಾವು ಹೂವೆಂದು ಮೆಚ್ಚುವ ಆ ಬಣ್ಣದ ಭಾಗವು ಎಲೆಯ ರೂಪಾಂತರ, ನಿಜವಾದ ಹೂವು ನಡುವಣ ಚಿಕ್ಕ ಕೊಳವೆ.) ನಂದಿಬಟ್ಟಲೂ ಕುಂಡಕ್ಕೆ ಒಗ್ಗುವುದು. ಪಾರಿಜಾತಕ್ಕೆ ನೆಲವೇ ಲೇಸು. ಕಣಗಿಲೆಯ ಸರ್ವಾಂಗವೂ ವಿಷವಾದುದರಿಂದ ಮಕ್ಕಳ ಕೈಗೆಟುಕುವ ಕುಂಡದಲ್ಲಿ ಅದು ಬೇಡವೇ ಬೇಡ.

ಇನ್ನು ಅತ್ತೆಯವರ ಗಿಡದ ವಿಷಯ. ಹಳೆಯ ಗಿಡವನ್ನು ಕುಂಡಕ್ಕೆ ಹಿಡಿಸಬೇಕಾದರೆ ಬೇರಿನ ಬಹುಭಾಗವನ್ನು ಕಡಿಯಲೇಬೇಕು. ಅದು ಉಳಿಯುವುದೆಂಬ ಭರವಸೆಯನ್ನು ನಾವು ಕೊಡಲಾರೆವು. ಅದಕ್ಕಿಂತ ಕಡ್ಡಿ ನೆಡುವುದು ಉತ್ತಮ. ಬೀಜದಿಂದ ಹುಟ್ಟಿದ ಗಿಡವು ತಾಯಿಯನ್ನು ಹೋಲದೆ ಇರಬಹುದು; ಕಡ್ಡಿಯಿಂದ ಎದ್ದುದು ಬೇರೆ ಗಿಡವೇ ಅಲ್ಲ, ಅದೇ ಗಿಡದ ಮುಂದುವರಿಕೆ, ಅದೇ ಹೂವು. ಇದನ್ನು ಅತ್ತೆಯವರಿಗೆ ತಿಳಿಯಹೇಳಿ, ಕಡ್ಡಿಗಳನ್ನು ಅವರ ಕೈಯಿಂದಲೇ ಕತ್ತರಿಸಿಸುವುದು ಒಳ್ಳೆಯದೆಂದು ನಮಗೆ ತೋರುವುದು.

ಪೆನ್ಸಿಲಿನ ಗಾತ್ರದ, 6 ಅಂಗುಲ ಉದ್ದದ ಕಡ್ಡಿಗಳನ್ನು ಗಿಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆಗಳನ್ನು ಕಿತ್ತು, ಮರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟು ನೆರಳಿನಲ್ಲಿಡಬೇಕು. ಎಲ್ಲವೂ ಚಿಗುರಲಾರವಾದುದರಿಂದ ಏಳೆಂಟನ್ನಾದರೂ ನೆಡತಕ್ಕದ್ದು. ಬೇರೂರಿದುದನ್ನು 8 ಅಂಗುಲದ ಕುಂಡಕ್ಕೂ, ಬೆಳೆದಂತೆ 12ಕ್ಕೂ, ಕಡೆಗೆ 18 ಅಂಗುಲದ್ದಕ್ಕೂ ಬದಲಾಯಿಸುವುದು. 18 ಅಂಗುಲ ಅಗಲ, ಅಷ್ಟೇ ಎತ್ತರದ ಕುಂಡವು ಹಸಿಮಣ್ಣು ತುಂಬಿದಾಗ 100 ಕಿಲೋಗ್ರಾಮಿಗೂ ಮೀರಿ ತೂಗಬಹುದು. ಮನೆಯ ಯಜಮಾನರನ್ನು ಕೇಳಿ, ಗೋಡೆಯ ಬದಿಯಲ್ಲಿಯೇ ಇಡಿಸಬೇಕು. ತಳದ ತಟ್ಟೆಯಲ್ಲಿ ನೀರು ನಿಂತರೆ ಡೆಂಗಿ ಜ್ವರದ ಸೊಳ್ಳೆ ಮೊಟ್ಟೆಯಿಡುವುದು. ಎರಡು ವರ್ಷಕ್ಕೊಮ್ಮೆ ಬೇರನ್ನು ಸವರಿ ಹೊಸಮಣ್ಣು ತುಂಬಬೇಕು; ಹೂವು ಹೊಸ ಚಿಗುರಿನಲ್ಲಿಯೇ ಬಿಡುವುದರಿಂದ ಕೊಂಬೆಗಳನ್ನು ಕತ್ತರಿಸಲು ಅಂಜಬಾರದು.

ಬೇರೊಡೆಯಲು ಒಂದು ತಿಂಗಳಿಗೂ ಹೆಚ್ಚು ಕಾಲ ಹಿಡಿಯಬಹುದಾದ ಕಾರಣ, ಮನೆ ಬಿಡುವ ದಿನಕ್ಕಿಂತ ಎರಡು ತಿಂಗಳು ಮೊದಲೇ ಕಡ್ಡಿ ನೆಡುವುದಕ್ಕೆ ತೊಡಗಬೇಕು.