ಕೊಳವೆ ಕಾಣೋದೆಷ್ಟು?

ಕೊಲೊನೋಸ್ಕೋಪಿ ಅಂದ್ರೆ ಮೂಗು ಮುರಿಯೋರಿದ್ದಾರೆ. ಒಮ್ಮೆ ಮಾಡಿಸಿಕೊಂಡ್ರೆ ಕ್ಯಾನ್ಸರ್ ಹತ್ತಿರ ಸುಳಿಯಲ್ಲ ಅನ್ನೋರೂ ಇದ್ದಾರೆ. ನನಗೆ ಎರಡೂ ಸರಿ ಕಾಣೋದಿಲ್ಲ.

ದೊಡ್ಡ ಕರುಳಿನ ಒಳಗೋಡೆಯಲ್ಲಿ ಬೆಳೆಯೋ ಪಾಲಿಪ್‌ಗಳಲ್ಲಿ ಕೆಲವು ವರ್ಷಗಟ್ಟಲೆ ಬಲಿತು ಕ್ಯಾನ್ಸರ್ ಆಗುತ್ತವೆ. ಕ್ಯಾಮೆರಾ ಕೊಳವೆಯಲ್ಲಿ ಅವನ್ನ ನೋಡಿ ಅಲ್ಲೇ ತೆಗೆದುಬಿಡಬಹುದು. ಇದೇ ಅದರ ದೊಡ್ಡ ಗುಣ. ಆದ್ರೆ ಕರುಳು ಪೂರ್ತಿ ಸ್ವಚ್ಛವಾಗದಿದ್ರೆ, ಪಾಲಿಪ್ ಚಪ್ಪಟೆಯಾಗಿದ್ರೆ ಕಣ್ತಪ್ಪೋದುಂಟು. ಅಪರೂಪಕ್ಕೆ ಕರುಳು ತೂತಾಗೋದೂ ಉಂಟು.

ಪೋಲೆಂಡ್, ನಾರ್ವೆ, ಸ್ವೀಡನ್‌ಗಳಲ್ಲಿ 55-64 ವಯಸ್ಸಿನವರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಹತ್ತು ವರ್ಷದಲ್ಲಿ, ಪರೀಕ್ಷೆಗೆ ಕರೆಯದವರಲ್ಲಿ ಸಾವಿರಕ್ಕೆ 12 ಮಂದಿಗೆ ಕರುಳಿನ ಕ್ಯಾನ್ಸರ್; ಕರೆದವರಲ್ಲಿ ಸುಮಾರು 10. ಈ ಕ್ಯಾನ್ಸರಿನ ಸಾವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ‘ನೋಡಿ, ದಂಡ!’ ಅಂದ್ರು ಕೆಲವರು. ಆದ್ರೆ ಕರೆದವರಲ್ಲಿ ಪರೀಕ್ಷೆಗೆ ಬಂದವರೇ ಶೇ. 42. ಬಾರದವರ ಲೆಕ್ಕವನ್ನೂ ಕೊಳವೆಯ ತಲೆಗೆ ಕಟ್ಟೋದು ಯಾವ ನ್ಯಾಯ?

ಇದೆಲ್ಲ ಯಾವ ತೊಂದರೆಯೂ ಇಲ್ಲದವರ ಮಾತು. ಮಲದಲ್ಲಿ ರಕ್ತ ಕಂಡ್ರೂ ‘ಮೂಲವ್ಯಾಧಿ ಇರ್ಬೇಕು ಬಿಡು’ ಅಂತ ಮುಲಾಮು ಹಚ್ಚಿ ಕೂರೋರು ನಮ್ಮಲ್ಲಿ ಬೇಕಾದಷ್ಟು. ಅವರಿಗೆ ಈ ಸಾವಿರದ ಲೆಕ್ಕ ಅನ್ವಯಿಸೋದೇ ಇಲ್ಲ. ನಾಚಿಕೆ ಬಿಟ್ಟು ಡಾಕ್ಟರ ಹತ್ರ ಹೋಗಿ ಕಾರಣ ಹುಡುಕಿಸಲೇಬೇಕು. ನೀವೇನಂತೀರಿ?