ಎಣ್ಣೆಗೆ ಮಾತ್ರ ಆಧಾರ್ ಬೇಡವೇ?

ಮಾನ್ಯ ಅಬಕಾರಿ ಸಚಿವರೇ,

ನಮ್ಮೂರ ಪಿಯು ಕಾಲೇಜಿನ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ. ಸಿಮ್ಮಿಗೆ, ಬಸ್ ಪಾಸಿಗೆ, ಸ್ಕಾಲರ್‌ಶಿಪ್ಪಿಗೆ ಅಂತ ಈ ಹುಡುಗರ ಆಧಾರ್ ಕಾರ್ಡನ್ನು ಗಾಜಿನ ಮೇಲೆ ಎಷ್ಟು ಸಲ ಮಗುಚಿದ್ದೇನೋ ಲೆಕ್ಕವಿಲ್ಲ. ಯಾರು ಯಾವ ಇಸವಿಯಲ್ಲಿ ಹುಟ್ಟಿದವರೆಂದು ಅವರ ಮೇಷ್ಟ್ರಿಗಿಂತ ನನಗೇ ಚೆನ್ನಾಗಿ ಗೊತ್ತು. ಎಣ್ಣೆ ಕೊಳ್ಳಲು ವಯಸ್ಸಿನ ದಾಖಲೆ ಬೇಕಂತೆ ಎಂದು ಮಾತ್ರ ಈವರೆಗೆ ಒಬ್ಬನೂ ಬಂದಿಲ್ಲ.

ಬರುವುದಾದರೂ ಯಾಕೆ? ಹಿಂದಿನ ಬೀದಿಯ ಕಿರಾಣಿ ಅಂಗಡಿಯಲ್ಲಿ ಅಕ್ಕಿ ಮೂಟೆಯ ಮರೆಗೆ 90 ಎಂಎಲ್ ಟೆಟ್ರಾ ಪ್ಯಾಕುಗಳಿವೆ. 'ತೊಂಬತ್ತು' ಎಂದರೆ ಸಾಕು, ಹಳೇ ಪೇಪರಿನಲ್ಲಿ ಸುತ್ತಿ ಕೈಗಿಡುತ್ತಾರೆ. ಲೋಟ, ನೀರಿನ ಪ್ಯಾಕೆಟ್ಟು, ಖಾರ ಮಿಕ್ಸ್ಚರ್ ಅಲ್ಲೇ ಸಿಗುತ್ತವೆ.

21 ತುಂಬದವರಿಗೆ ಮಾರಬಾರದೆಂದು ನಿಯಮವಿದೆ. ಅದನ್ನು 18ಕ್ಕೆ ಇಳಿಸಲು 2023ರ ಜನವರಿಯಲ್ಲಿ ಸರ್ಕಾರ ಕರಡು ಹೊರಡಿಸಿತು. ವಿರೋಧ ಬಂದ ಮೇಲೆ ಕೈಬಿಟ್ಟಿತು. ಆ ಸುದ್ದಿ ಓದಿದ ನಮ್ಮ ಹುಡುಗರು ನನ್ನನ್ನೇ ಕೇಳಿದರು: "ಇಪ್ಪತ್ತೊಂದು ಅಂತ ಇತ್ತೇನಣ್ಣ?"

ಅವರನ್ನು ಕೆಟ್ಟವರೆನ್ನಲಾರೆ. ಮಾರ್ಕ್ಸ್ ಬಂದರೂ ಪಾರ್ಟಿ, ಫೇಲಾದರೂ ಪಾರ್ಟಿ. ಬಿಯರಂತೂ ಅವರ ಲೆಕ್ಕದಲ್ಲಿ ಕುಡಿತವೇ ಅಲ್ಲ. ಹದಿನೇಳರ ಒಬ್ಬನನ್ನು ಪಕ್ಕಕ್ಕೆ ಕರೆದು ಕೇಳಿದೆ. "ಕುಡುಕ ಅಂದ್ರೆ ನಮ್ಮಪ್ಪ ಕಣಣ್ಣ. ನಾವು ಶನಿವಾರ ಮಾತ್ರ" ಅಂದ. ಅವರಪ್ಪನೂ ಮೊದಲು ಶನಿವಾರದವನೇ. 2007ರಲ್ಲಿ ಸಾರಾಯಿ ನಿಷೇಧವಾದಾಗ, ಇವನನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಅವರವ್ವ ಇನ್ನು ಆ ಶನಿವಾರವೂ ತಪ್ಪಿತೆಂದು ಬೀದಿಗೆಲ್ಲ ಸಕ್ಕರೆ ಹಂಚಿದ್ದಳು. ಸಾರಾಯಿ ಹೋದ ಜಾಗಕ್ಕೆ ಟೆಟ್ರಾ ಪ್ಯಾಕು ಬಂದು ಕೂತಿತು.

2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ಗುರಿ ಇಟ್ಟಿದ್ದೀರಿ. ಅದರಲ್ಲಿ ಈ ಹುಡುಗರ ಪಾಲೆಷ್ಟು ಎಂದು ಕೇಳಿದರೆ ನಿಮಗೆ ಸಿಟ್ಟು ಬರಬಹುದು. ಬರಲಿ.

ದೊಡ್ಡದೇನೂ ಕೇಳುತ್ತಿಲ್ಲ. ರಾಜ್ಯದ ಮದ್ಯವೆಲ್ಲ ಪಾನೀಯ ನಿಗಮದ ಡಿಪೋದಿಂದಲೇ ಲೈಸೆನ್ಸ್ ಅಂಗಡಿಗೆ ಹೋಗುತ್ತದೆ. ಅಲ್ಲಿಂದ ಅಕ್ಕಿ ಮೂಟೆಯ ಹಿಂದಕ್ಕೆ ಅದನ್ನು ಸಾಗಿಸಿದವರು ಯಾರೆಂದು ಹುಡುಕಿಸಿ. ಕಿರಾಣಿಯವನ ಮೇಲೊಂದು ಕೇಸು ಹಾಕಿ ಕೈತೊಳೆದುಕೊಂಡರೆ ವಾರದಲ್ಲಿ ಇನ್ನೊಂದು ಗೂಡಂಗಡಿ ತೆರೆಯುತ್ತದೆ.

ಕಾಲೇಜಿನ ಕಾಂಪೌಂಡಿನ ಪಕ್ಕದ ಚರಂಡಿಯಲ್ಲಿ ಒಂದೇ ಭಾನುವಾರ ಬೆಳಿಗ್ಗೆ ಇಪ್ಪತ್ತಮೂರು ಖಾಲಿ ಪ್ಯಾಕು ಆರಿಸಿದೆ. ತೊಳೆದು, ಒಣಗಿಸಿ, ಬ್ಯಾಚ್ ನಂಬರು ಕಾಣುವಂತೆ ಜೆರಾಕ್ಸ್ ಮಾಡಿ ಇದರೊಂದಿಗೆ ಲಗತ್ತಿಸಿದ್ದೇನೆ. ಅಸಲು ನನ್ನ ಬಳಿ ಇದೆ.

ಇಂತಿ,
ಒಬ್ಬ ಜೆರಾಕ್ಸ್ ಅಂಗಡಿಯವನು