ಎಷ್ಟು ಹೊಲಿಗೆ ಬೇಕು?

ನಮ್ಮಲ್ಲಿ ಅನೇಕರು ಹೊಲಿಗೆ ಕಲಿತದ್ದು ಊರಲ್ಲಿ, ಬಿಟ್ಟದ್ದು ಮುಂಬೈಯಲ್ಲಿ. ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲಿ ಟೇಲರಿಂಗ್ ಕ್ಲಾಸು, ಹಳೆಯ ಪೇಪರಿನಲ್ಲಿ ರವಿಕೆಯ ಕಟಿಂಗು, ಅವ್ವನ ಕಾಲುಮಶೀನಿನಲ್ಲಿ ತಮ್ಮನ ಚಡ್ಡಿ. ಮದುವೆಯಾಗಿ ಇಲ್ಲಿಗೆ ಬಂದಾಗ ಒಂದು ಖೋಲಿಯ ಮನೆಯಲ್ಲಿ ಕಬ್ಬಿಣದ ಸ್ಟ್ಯಾಂಡಿಗೆ ಜಾಗವಿರಲಿಲ್ಲ. ನನ್ನದೂ ಅದೇ ಕಥೆ. 28 ವರ್ಷಗಳ ಬಳಿಕ ಈಗ ಮತ್ತೆ ಮಶೀನು ಕೊಂಡಿದ್ದೇನೆ.

ಕೊಳ್ಳುವ ಮುನ್ನ ಎರಡು ತಿಂಗಳು ಅಂಗಡಿ ಸುತ್ತಿದೆ. ದುಡ್ಡಿನ ಚಿಂತೆಯೊಂದೇ ಅಲ್ಲ. ಒಮ್ಮೆ ಬಿಟ್ಟ ವಿದ್ಯೆಯನ್ನು ಮತ್ತೆ ಹಿಡಿಯಬಹುದು. ಆದರೆ ಕೈಗೆ ಒಗ್ಗದ ಮಶೀನು ತಂದು ಎರಡನೇ ಸಲ ಬಿಟ್ಟೆವೋ, ಅದು ಅಟ್ಟ ಸೇರುತ್ತದೆ. ಮೂರನೇ ಸಲ ಯಾರೂ ಇಳಿಸುವುದಿಲ್ಲ.

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವುದು ಲೆಕ್ಕ: ಇದರಲ್ಲಿ 7 ಹೊಲಿಗೆ, ಅದರಲ್ಲಿ 21. ಹೂವು, ಎಲೆ, ಬಾತುಕೋಳಿ! ಮನೆಯಲ್ಲಿ ಕೂತು ನಮಗೇನು ಬೇಕೆಂದು ಬರೆದು ನೋಡಿ. ನನ್ನ ಪಟ್ಟಿ ನಾಲ್ಕಕ್ಕೇ ಮುಗಿಯಿತು: ನೇರ ಹೊಲಿಗೆ, ಕೊನೆಯಲ್ಲಿ ಬಿಗಿ ಮಾಡಲು ಹಿಂದಕ್ಕೆ ಓಡುವ ಹೊಲಿಗೆ, ಅಂಚಿನ ಎಳೆ ಬಿಡದಂತೆ ಜಿಗ್‌ಜಾಗ್, ಗುಂಡಿಗೆ ಕಾಜಾ.

ಹಳೆಯ ಕಪ್ಪು ಮಶೀನಿಗೆ ಮೋಟಾರು ಕೂರಿಸಿಕೊಂಡರೆ ಖರ್ಚು ಕಡಿಮೆ, ರಿಪೇರಿಯೂ ಸುಲಭ. ಆದರೆ ಅದು ನೇರ ಹೊಲಿಗೆಯದು, ಜಿಗ್‌ಜಾಗ್ ಬಾರದು. ಕಂಪ್ಯೂಟರ್ ಮಶೀನು ಬೆಣ್ಣೆಯಂತೆ ಓಡುತ್ತದೆ, ಬೋರ್ಡು ಕೆಟ್ಟರೆ ಮಾತ್ರ ಗಲ್ಲಿಯ ಮೆಕ್ಯಾನಿಕ್ ಕೈ ಚೆಲ್ಲುತ್ತಾನೆ. ಇವೆರಡರ ನಡುವಿನ, ತಿರುಗಿಸುವ ಗುಂಡಿಯ ಸಾದಾ ವಿದ್ಯುತ್ ಮಶೀನು ನನಗೆ ಸಾಕೆನಿಸಿತು. ಸುಮಾರು 10-15 ಸಾವಿರ ರೂಪಾಯಿ. ಕೆಲಸ ಮುಗಿದ ಮೇಲೆ ಎತ್ತಿ ಕಪಾಟಿನಲ್ಲಿಡಬಹುದು.

ಕಾಲುಮಶೀನಿನಲ್ಲಿ ಕಲಿತವರು ಒಂದು ವಿಷಯ ನೆನಪಿಡಬೇಕು. ಅಲ್ಲಿ ವೇಗ ನಮ್ಮ ಪಾದದ್ದು, ನಿಲ್ಲಿಸುವುದು ಚಕ್ರದ ಮೇಲಿನ ಅಂಗೈ. ಇಲ್ಲಿ ಪೆಡಲು ತುಸು ಒತ್ತಿದರೂ ಬಟ್ಟೆ ಓಡಿಹೋಗುತ್ತದೆ. ಹಾಗಾಗಿ ಅಂಗಡಿಯಲ್ಲಿ ಎಷ್ಟು ಜೋರಾಗಿ ಓಡುತ್ತದೆ ಎಂದು ನೋಡಬೇಡಿ, ಎಷ್ಟು ನಿಧಾನವಾಗಿ ಓಡಬಲ್ಲದು ಎಂದು ನೋಡಿ. ಒಂದೊಂದೇ ಹೊಲಿಗೆ ಹಾಕಲು ಬಂದರೆ ಅರ್ಧ ಭಯ ಹೋದಂತೆ.

ಬಟ್ಟೆ ನಿಮ್ಮದೇ ಒಯ್ಯಿರಿ. ಅಂಗಡಿಯವರು ತೋರಿಸುವ ಗರಿಗರಿ ಕಾಟನ್ ತುಂಡನ್ನು ಯಾವ ಮಶೀನಾದರೂ ಚೆಂದ ಹೊಲಿಯುತ್ತದೆ. ನಾನು ಚೀಲದಲ್ಲಿ ಒಯ್ದದ್ದು ಮೂರು: ತೆಳು ಮಲ್‌ಮಲ್, ಗುಳೇದಗುಡ್ಡದ ಖಣದ ಚೂರು, ಮಗನ ಜೀನ್ಸಿನ ತುದಿ. ಜೀನ್ಸಿಗೆ 16ನೇ ನಂಬರಿನ ಸೂಜಿ, ತೆಳು ಬಟ್ಟೆಗೆ 11 ಹಾಕಿಸಿ. ಹೊಲಿದ ಮೇಲೆ ಬಟ್ಟೆ ಮಗುಚಿ ಅಡಿಭಾಗ ನೋಡಿ. ಕೆಳಗೆ ದಾರ ಕುಣಿಕೆ ಕುಣಿಕೆಯಾಗಿದ್ದರೆ ಬಾಬಿನ್ ಬೈಯಬೇಡಿ. ಹೆಚ್ಚಿನ ಸಲ ಮೇಲಿನ ದಾರ ಸರಿಯಾಗಿ ಪೋಣಿಸಿರುವುದಿಲ್ಲ, ಇಲ್ಲವೇ ಮೇಲಿನ ಟೆನ್ಶನ್ ಸಡಿಲಾಗಿರುತ್ತದೆ.

ಬಾಬಿನ್ ಮೇಲಿನಿಂದ ಇಡುವ ಮಶೀನುಗಳಲ್ಲಿ ದಾರ ಎಷ್ಟು ಉಳಿದಿದೆಯೆಂದು ಕಾಣುತ್ತದೆ, ಅದು ಅನುಕೂಲವೇ. ಆದರೂ ನಾನು ಮುಂದಿನಿಂದ ಬಾಬಿನ್ ಕೇಸು ಕೂರಿಸುವುದನ್ನೇ ಆರಿಸಿದೆ. ಕೇಸು ಒಳಗೆ ಕೂತಾಗ ಬರುವ 'ಟಕ್' ಸದ್ದನ್ನು ಬೆರಳುಗಳು 28 ವರ್ಷ ಮರೆತಿರಲಿಲ್ಲ. ಮರಳಿ ಕಲಿಯುವವರಿಗೆ ಇಂಥ ಸಣ್ಣ ಪರಿಚಯ ದೊಡ್ಡ ಧೈರ್ಯ.

ಇನ್ನೆರಡು ಮಾತು. ಸೂಜಿ, ಬಾಬಿನ್ ನಿಮ್ಮ ಬೀದಿಯ ದಾರದಂಗಡಿಯಲ್ಲಿ ಸಿಗುತ್ತವೆಯೇ ಕೇಳಿಕೊಳ್ಳಿ. ಮಶೀನಿನ ಅಡಿಗೆ ಹಳೆಯ ಕೌದಿಯೊಂದನ್ನು ಮಡಚಿ ಹಾಸಿ. ಕೆಳಗಿನ ಮನೆಯವರು ನೆಮ್ಮದಿಯಾಗಿ ಮಲಗಲಿ.

ತಂದ ದಿನವೇ ರೇಷ್ಮೆ ರವಿಕೆಗೆ ಕತ್ತರಿ ಹಾಕಬೇಡಿ. ಮೊದಲ ತಿಂಗಳು ದಿಂಬಿನ ಗವಸು, ತರಕಾರಿ ಚೀಲ, ಸೀರೆಗೆ ಫಾಲು. ನಮ್ಮ ಮನೆಯಲ್ಲಿ ಈಗ ಹನ್ನೊಂದು ತರಕಾರಿ ಚೀಲಗಳಿವೆ. ಹನ್ನೊಂದನೆಯದರ ಹೊಲಿಗೆ ನೇರವಾಗಿದೆ.